ಆಹಾರದ ಲೋಹಗಳೂ ಕರುಳಿನ ಉರಿಯೂತವೂ

ಲೋಹವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕಮ್ಮಾರನ ಕುಲುಮೆ, ರೈಲಿನ ಕಂಬಿ, ಅಡಿಗೆಮನೆಯ ಪಾತ್ರೆಗಳು. ಲೋಹವು ನಮ್ಮ ಆಹಾರವೂ ಆಗಿದೆಯೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ಪ್ರಾಯಕ್ಕೆ ಬಂದ ಮನುಷ್ಯನ ದೇಹದಲ್ಲಿ ಸುಮಾರು 3ರಿಂದ 4 ಗ್ರಾಂ ಕಬ್ಬಿಣ, 2ರಿಂದ 3 ಗ್ರಾಂ ಸತು, 0.1 ಗ್ರಾಂನಷ್ಟು ತಾಮ್ರ ಇವೆ. ಇಷ್ಟು ಕಬ್ಬಿಣದಿಂದ ಒಂದು ಮೊಳೆಯನ್ನು ಮಾಡಬಹುದು, ಅಷ್ಟೆ. ಆದರೆ ಈ ಮೊಳೆಯಷ್ಟು ಕಬ್ಬಿಣವಿಲ್ಲದಿದ್ದರೆ ರಕ್ತವು ಆಮ್ಲಜನಕವನ್ನು ಹೊರಲಾರದು. ಚಿಟಿಕೆಯಷ್ಟು ಸತುವಿಲ್ಲದಿದ್ದರೆ ಗಾಯವು ಮಾಯದು, ಮಗು ಬೆಳೆಯದು.

ಈ ಲೋಹಗಳೆಲ್ಲವೂ ದೇಹವನ್ನು ಪ್ರವೇಶಿಸುವುದು ಕರುಳಿನ ಮೂಲಕ. ಹೀಗಿರಲು, ಕರುಳೇ ರೋಗಗ್ರಸ್ತವಾದಾಗ ಅದರ ಮೇಲೆ ಹರಿದುಹೋಗುವ ಲೋಹಗಳು ಏನು ಮಾಡುತ್ತವೆ? ಅವು ರೋಗವನ್ನು ಶಮನಗೊಳಿಸುತ್ತವೆಯೋ, ಕೆರಳಿಸುತ್ತವೆಯೋ? ಕಳೆದ ಕೆಲವು ದಶಕಗಳಿಂದ ವಿಜ್ಞಾನಿಗಳನ್ನು ಕಾಡುತ್ತಿರುವ ಪ್ರಶ್ನೆ ಇದು. ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆಯನ್ನು ನುಂಗುವ ನಮ್ಮ ವಿದ್ಯಾರ್ಥಿಗಳಿಗೂ ಈ ಪ್ರಶ್ನೆಯು ದೂರದ್ದಲ್ಲ.

ರೋಗದ ಪರಿಚಯ

ನಮ್ಮ ಕರುಳಿನ ಒಳಗೋಡೆಯು ಒಂದೇ ಒಂದು ಪದರದ ಜೀವಕೋಶಗಳಿಂದಾದುದು. ಈ ಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಉದುರಿ ಹೊಸವು ಬರುತ್ತವೆ. ಗೋಡೆಯ ಒಂದು ಪಕ್ಕದಲ್ಲಿ ಅನ್ನರಸವೂ ಕೋಟ್ಯನುಕೋಟಿ ಬ್ಯಾಕ್ಟೀರಿಯಗಳೂ ಇವೆ. ಇನ್ನೊಂದು ಪಕ್ಕದಲ್ಲಿ ನಮ್ಮ ರಕ್ತವೂ ಕಾವಲುಪಡೆಯಾದ ಬಿಳಿಯ ಕಣಗಳೂ ಇವೆ. ಆರೋಗ್ಯವಂತನಲ್ಲಿ ಈ ಎರಡು ಪಕ್ಷಗಳ ನಡುವೆ ಒಂದು ಬಗೆಯ ಒಪ್ಪಂದವಿರುತ್ತದೆ. ಆ ಒಪ್ಪಂದವು ಮುರಿದು, ಕಾವಲುಪಡೆಯು ತನ್ನ ಮನೆಯ ಗೋಡೆಯ ಮೇಲೆಯೇ ಬಿಡುವಿಲ್ಲದೆ ದಾಳಿಮಾಡತೊಡಗಿದರೆ ಕರುಳಿನ ದೀರ್ಘಕಾಲದ ಉರಿಯೂತವು ಉಂಟಾಗುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಲೋಳೆಪೊರೆಯಲ್ಲಿ ಹುಣ್ಣುಗಳಾಗಿ ರಕ್ತಭೇದಿಯಾಗುವುದು ಒಂದು; ಇದನ್ನು ವ್ರಣಯುಕ್ತ ಕೊಲೈಟಿಸ್ ಎಂದು ಕರೆಯುವರು. ಲಂಡನ್ನಿನ ವೈದ್ಯ ಸ್ಯಾಮ್ಯುಯಲ್ ವಿಲ್ಕ್ಸ್ 1859ರಲ್ಲಿ ಇದನ್ನು ವರ್ಣಿಸಿದನು. ಎರಡನೆಯದು ಕ್ರೋನ್ ರೋಗ. ಇದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಂಡು, ಕರುಳಿನ ಗೋಡೆಯನ್ನು ಪೂರ್ತಿಯಾಗಿ ಕೊರೆಯಬಲ್ಲದು; ಸಣ್ಣ ಕರುಳಿನ ಕೊನೆಯ ಭಾಗವು ಅದಕ್ಕೆ ಅತಿ ಪ್ರಿಯವಾದ ಸ್ಥಳ. ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಡಾಲ್‌ಜೀಲ್ 1913ರಲ್ಲಿಯೇ ಇಂತಹ ರೋಗಿಗಳ ವಿಷಯವನ್ನು ಬರೆದಿದ್ದನು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಆಪನ್‌ಹೈಮರ್ ಎಂಬ ಮೂವರು ಇದನ್ನು ಪ್ರತ್ಯೇಕ ರೋಗವೆಂದು ನಿರೂಪಿಸಿದರು. ಕರುಳಿನ ಕ್ಷಯವೂ ಇದೇ ಸ್ಥಳದಲ್ಲಿ ಇದೇ ರೀತಿಯ ಹುಣ್ಣುಗಳನ್ನು ಮಾಡುವುದರಿಂದ, ಕ್ಷಯವು ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇವೆರಡನ್ನು ಬೇರ್ಪಡಿಸಿ ಗುರುತಿಸುವುದು ವೈದ್ಯರಿಗೆ ಇಂದಿಗೂ ಕಠಿಣವಾದ ಕೆಲಸವಾಗಿದೆ.

ಈ ರೋಗಗಳು ಬಹುಮಟ್ಟಿಗೆ ಯೌವನದಲ್ಲಿ ತಲೆದೋರುತ್ತವೆ. ವಂಶಗುಣಕ್ಕೆ ಇದರಲ್ಲಿ ಪಾತ್ರವುಂಟು. ಕ್ರೋನ್ ರೋಗಕ್ಕೆ ಸಂಬಂಧಿಸಿದ ಮೊದಲನೆಯ ಜೀನನ್ನು 2001ರಲ್ಲಿ ಗುರುತಿಸಲಾಯಿತು. ಆದರೆ ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ರೋಗ ಬಂದರೂ ಅನೇಕ ವೇಳೆ ಇನ್ನೊಬ್ಬರು ಆರೋಗ್ಯದಿಂದಿರುತ್ತಾರೆ. ಹಿಂದೆ ಪಾಶ್ಚಾತ್ಯ ದೇಶಗಳ ರೋಗವೆಂದು ಎಣಿಸಲ್ಪಟ್ಟಿದ್ದ ಇದು ಈಗ ಭಾರತವೂ ಸೇರಿದಂತೆ ಏಷ್ಯದ ನಗರಗಳಲ್ಲಿ ಹೆಚ್ಚುತ್ತಿದೆ. ಜನಾಂಗದ ಜೀನುಗಳು ಒಂದೆರಡು ತಲೆಮಾರುಗಳಲ್ಲಿ ಬದಲಾಗುವುದಿಲ್ಲ. ಬದಲಾಗುವುದು ಗಾಳಿ, ನೀರು, ಊಟ. ಆದಕಾರಣ ಸಂಶೋಧಕರ ದೃಷ್ಟಿಯು ಊಟದ ತಟ್ಟೆಯ ಕಡೆಗೆ ಹರಿಯಿತು. ಅದರಲ್ಲಿ ಲೋಹಗಳ ಕಡೆಗೂ ಹರಿಯಿತು.

ಕಬ್ಬಿಣದ ಲೆಕ್ಕ

ಮೊದಲು ಕಬ್ಬಿಣವನ್ನು ತೆಗೆದುಕೊಳ್ಳೋಣ. ದಿನದ ಊಟದಲ್ಲಿ ನಮಗೆ 10ರಿಂದ 20 ಮಿಲಿಗ್ರಾಂ ಕಬ್ಬಿಣ ದೊರೆಯುತ್ತದೆಂದು ಭಾವಿಸಿದರೆ, ಅದರಲ್ಲಿ ದೇಹಕ್ಕೆ ಸೇರುವುದು 1ರಿಂದ 2 ಮಿಲಿಗ್ರಾಂ ಮಾತ್ರ. ರಾಗಿ, ಅಕ್ಕಿ, ಬೇಳೆಗಳಲ್ಲಿರುವ ಫೈಟೇಟುಗಳೂ, ಚಹದ ಒಗರೂ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ನಮ್ಮ ಊಟದಲ್ಲಿ ಈ ಪಾಲು ಇನ್ನೂ ಕಡಿಮೆಯಾಗಬಹುದು. ನಿಂಬೆಹಣ್ಣು, ನೆಲ್ಲಿಕಾಯಿಗಳಲ್ಲಿರುವ ಸಿ ಜೀವಸತ್ತ್ವವು ಅದನ್ನು ಹೆಚ್ಚಿಸುತ್ತದೆ. ಉಳಿದ ಕಬ್ಬಿಣವೆಲ್ಲವೂ ದೊಡ್ಡ ಕರುಳಿಗೆ ಇಳಿದುಹೋಗುತ್ತದೆ. ಕಬ್ಬಿಣದ ಮಾತ್ರೆಯನ್ನು ಸೇವಿಸಿದವರ ಮಲವು ಕಪ್ಪಾಗುವುದನ್ನು ಎಲ್ಲರೂ ಬಲ್ಲರು. ರಕ್ತಕ್ಕೆ ಸೇರದೆ ಉಳಿದ ಕಬ್ಬಿಣಕ್ಕೆ ಅದೇ ಸಾಕ್ಷಿ.

ಹೀಗೆ ಇಳಿದುಹೋದ ಕಬ್ಬಿಣವು ಅಲ್ಲಿ ಸುಮ್ಮನೆ ಬಿದ್ದಿರುವುದಿಲ್ಲ. ಅದು ಎರಡು ಬಗೆಯಲ್ಲಿ ಹಾನಿಮಾಡಬಹುದೆಂದು ವಿಜ್ಞಾನಿಗಳ ಅಭಿಪ್ರಾಯ. ಮೊದಲನೆಯದು ರಸಾಯನಶಾಸ್ತ್ರದ ವಿಷಯ. 1894ರಲ್ಲಿ ಕೇಂಬ್ರಿಜ್ಜಿನ ಹೆನ್ರಿ ಫೆಂಟನ್ ಎಂಬ ರಸಾಯನ ವಿಜ್ಞಾನಿಯು, ಕಬ್ಬಿಣದ ಲವಣವೂ ಜಲಜನಕದ ಪೆರಾಕ್ಸೈಡೂ ಒಟ್ಟುಗೂಡಿದರೆ ಟಾರ್ಟಾರಿಕ್ ಆಮ್ಲವು ಬೇಗನೆ ಉತ್ಕರ್ಷಣ ಹೊಂದುವುದೆಂದು ಪ್ರಕಟಿಸಿದನು. ನಮ್ಮ ಹುಣಿಸೆಹಣ್ಣಿಗೆ ಹುಳಿಯನ್ನು ಕೊಡುವ ಆಮ್ಲವೇ ಇದು. ಈ ಕ್ರಿಯೆಯಲ್ಲಿ ಹೈಡ್ರಾಕ್ಸಿಲ್ ಎಂಬ ಅತ್ಯಂತ ಉಗ್ರವಾದ ಕಣವು ಹುಟ್ಟಿ, ತನಗೆ ಎದುರಾದ ಕೊಬ್ಬು, ಪ್ರೋಟೀನು, ಡಿ.ಎನ್.ಎ. ಯಾವುದನ್ನೂ ಬಿಡದೆ ಕೆಡಿಸುತ್ತದೆಂದು ಮುಂದೆ ತಿಳಿದುಬಂತು. ಉರಿಯೂತವಿರುವ ಕರುಳಿನಲ್ಲಿ ಬಿಳಿಯ ರಕ್ತಕಣಗಳು ಪೆರಾಕ್ಸೈಡನ್ನು ಧಾರಾಳವಾಗಿ ಚೆಲ್ಲುತ್ತಿರುತ್ತವೆ. ಅಲ್ಲಿಗೆ ಬಿಡಿ ಕಬ್ಬಿಣವೂ ಬಂದು ಸೇರಿದರೆ ಫೆಂಟನ್ನನ ಪಾತ್ರೆಯಲ್ಲಿ ನಡೆದುದೇ ಅಲ್ಲಿಯೂ ನಡೆಯಲು ಅವಕಾಶವಾಗುತ್ತದೆ.

ಎರಡನೆಯದು ಜೀವಶಾಸ್ತ್ರದ ವಿಷಯ. ಬ್ಯಾಕ್ಟೀರಿಯಗಳಲ್ಲಿ ಬಹುಪಾಲಿನವಕ್ಕೆ ಕಬ್ಬಿಣವಿಲ್ಲದೆ ಬೆಳವಣಿಗೆಯಿಲ್ಲ. ಮೊಸರಿನಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಗುಂಪಿನವು ಮಾತ್ರ ಬಹುಮಟ್ಟಿಗೆ ಕಬ್ಬಿಣದ ಹಂಗಿಲ್ಲದೆ ಬದುಕಬಲ್ಲವು. ಕೋಲೈ, ಸಾಲ್ಮೊನೆಲ್ಲ ಮುಂತಾದುವಾದರೋ ಕಬ್ಬಿಣವನ್ನು ಬೇಟೆಯಾಡಿ ತರುವುದಕ್ಕಾಗಿಯೇ ವಿಶಿಷ್ಟ ದ್ರವ್ಯಗಳನ್ನು ತಯಾರಿಸಿ ಹೊರಗೆ ಕಳುಹಿಸುತ್ತವೆ. ಆದುದರಿಂದ ದೊಡ್ಡ ಕರುಳಿನಲ್ಲಿ ಕಬ್ಬಿಣವು ಹೆಚ್ಚಿದಷ್ಟೂ ಸಾಧುಗಳಿಗಿಂತ ಪುಂಡರಿಗೇ ಲಾಭವೆಂದು ಊಹಿಸಬಹುದು.

ಲೋಹಕ್ಕಾಗಿ ಕದನ

ಈ ಊಹೆಯು ಬರಿಯ ಊಹೆಯಲ್ಲವೆಂಬುದಕ್ಕೆ ನಮ್ಮ ದೇಹದ ನಡವಳಿಕೆಯೇ ಆಧಾರ. ಉರಿಯೂತವು ಆರಂಭವಾದ ಕೂಡಲೇ ದೇಹವು ತನ್ನ ಲೋಹಗಳನ್ನು ಬಚ್ಚಿಡಲು ತೊಡಗುತ್ತದೆ. ಈ ಶತಮಾನದ ಆರಂಭದಲ್ಲಿ ಕಂಡುಹಿಡಿಯಲಾದ ಹೆಪ್ಸಿಡಿನ್ ಎಂಬ ಹಾರ್ಮೋನು ಯಕೃತ್ತಿನಿಂದ ಹೊರಟು, ಕರುಳಿನಿಂದ ರಕ್ತಕ್ಕೆ ಕಬ್ಬಿಣವು ದಾಟುವ ಬಾಗಿಲನ್ನು ಮುಚ್ಚಿಬಿಡುತ್ತದೆ. ಲಿಪೋಕ್ಯಾಲಿನ್ ಎಂಬ ಪ್ರೋಟೀನು, ಬ್ಯಾಕ್ಟೀರಿಯಗಳು ಕಬ್ಬಿಣದ ಬೇಟೆಗೆ ಕಳುಹಿಸಿದ ದ್ರವ್ಯವನ್ನು ದಾರಿಯಲ್ಲಿಯೇ ಹಿಡಿದುಕೊಳ್ಳುತ್ತದೆ. ಬಿಳಿಯ ಕಣಗಳಲ್ಲಿ ತುಂಬಿರುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬುದು ಸತುವನ್ನೂ ಮ್ಯಾಂಗನೀಸನ್ನೂ ಕಸಿದುಕೊಂಡು ಸೂಕ್ಷ್ಮಜೀವಿಗಳನ್ನು ಉಪವಾಸ ಕೆಡಹುತ್ತದೆ. ರೋಗಿಯ ಮಲದಲ್ಲಿ ಈ ಕ್ಯಾಲ್‌ಪ್ರೊಟೆಕ್ಟಿನ್ ಎಷ್ಟಿದೆಯೆಂದು ಅಳೆದು ಕರುಳಿನ ಉರಿಯೂತದ ಪ್ರಮಾಣವನ್ನು ವೈದ್ಯರು ಇಂದು ತಿಳಿಯುತ್ತಾರೆ. ಅಂದರೆ, ಲೋಹಕ್ಕಾಗಿ ನಡೆದ ಕದನದ ಕುರುಹನ್ನೇ ಅವರು ಅಳೆಯುವುದು.

ಆದರೆ ಶತ್ರುವೂ ಜಾಣನಾಗಿರಬಹುದು. ಸಾಲ್ಮೊನೆಲ್ಲವು ಲಿಪೋಕ್ಯಾಲಿನ್ನಿನ ಕೈಗೆ ಸಿಕ್ಕದ ಬೇರೊಂದು ದ್ರವ್ಯವನ್ನು ರೂಪಿಸಿಕೊಂಡಿದೆ. ತನ್ನ ಸ್ಪರ್ಧಿಗಳೆಲ್ಲ ಕಬ್ಬಿಣವಿಲ್ಲದೆ ಸೊರಗುತ್ತಿರುವಾಗ ಅದು ಉರಿಯೂತದ ಕರುಳಿನಲ್ಲಿಯೇ ಸೊಂಪಾಗಿ ಬೆಳೆಯುತ್ತದೆ.

ದೇಹದ ಈ ರಕ್ಷಣೋಪಾಯಕ್ಕೆ ರೋಗಿಯು ತೆರಬೇಕಾದ ಬೆಲೆಯೂ ದೊಡ್ಡದು. ಹುಣ್ಣುಗಳಿಂದ ರಕ್ತವು ಒಸರಿ ಕಬ್ಬಿಣವು ನಷ್ಟವಾಗುತ್ತಿರುತ್ತದೆ. ಬಾಗಿಲು ಮುಚ್ಚಿರುವುದರಿಂದ ಹೊಸ ಕಬ್ಬಿಣವು ಒಳಕ್ಕೆ ಬಾರದು. ಪರಿಣಾಮವಾಗಿ ರಕ್ತಹೀನತೆ. ಕಳೆಗುಂದಿದ ಮುಖ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದಲ್ಲಿ ನಿಲ್ಲದ ಮನಸ್ಸು ಇವು ಅದರ ಗುರುತುಗಳು. ಕಬ್ಬಿಣವನ್ನು ಕೊಡದಿದ್ದರೆ ರೋಗಿಯು ಸೊರಗುತ್ತಾನೆ. ಬಾಯಿಯ ಮೂಲಕ ಕೊಟ್ಟರೆ ಬಹುಪಾಲು ಹುಣ್ಣಿನ ಮೇಲೆಯೇ ಹರಿದುಹೋಗುತ್ತದೆ. ವೈದ್ಯನು ಸಿಕ್ಕಿಕೊಳ್ಳುವ ಇಕ್ಕಟ್ಟು ಇದೇ.

ಪ್ರಯೋಗಗಳು ಹೇಳುವುದೇನು?

2011ರಲ್ಲಿ ಜರ್ಮನಿಯ ಮ್ಯೂನಿಕ್ ಪ್ರದೇಶದ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಕ್ರೋನ್ ರೋಗವನ್ನು ಹೋಲುವ ಉರಿಯೂತವು ತಾನಾಗಿಯೇ ಬರುವಂತಹ ತಳಿಯ ಇಲಿಗಳು ಅವು. ಆಹಾರದಿಂದ ಕಬ್ಬಿಣದ ಸಲ್ಫೇಟನ್ನು ತೆಗೆದುಹಾಕಿದಾಗ ಅವುಗಳ ಕರುಳು ಉರಿಯೂತದಿಂದ ಪಾರಾಯಿತು. ಅಲ್ಲಿನ ಬ್ಯಾಕ್ಟೀರಿಯಗಳ ಸಮುದಾಯವೂ ಬದಲಾಯಿತು. ಇದಕ್ಕಿಂತ ಗಮನಾರ್ಹವಾದುದೆಂದರೆ, ಅದೇ ಕಬ್ಬಿಣವನ್ನು ಬಾಯಿಯ ಬದಲು ಚುಚ್ಚುಮದ್ದಿನ ಮೂಲಕ ಕೊಟ್ಟಾಗ ರೋಗವು ಮರುಕಳಿಸಲಿಲ್ಲ. ಕಬ್ಬಿಣವು ದೇಹದಲ್ಲಿರುವುದು ತಪ್ಪಲ್ಲ, ಕರುಳಿನ ಒಳಗೆ ಬಿಡಿಯಾಗಿ ಉಳಿಯುವುದೇ ತೊಡಕೆಂದು ಇದರಿಂದ ತೋರಿತು.

ಇಲಿಗೆ ಸಂದುದು ಮನುಷ್ಯನಿಗೂ ಸಲ್ಲುವುದೇ? 2015ರಲ್ಲಿ ಕೀನ್ಯದ ಹಸುಳೆಗಳ ಮೇಲೆ ನಡೆದ ಅಧ್ಯಯನದ ಫಲವು ಪ್ರಕಟವಾಯಿತು. ಆರು ತಿಂಗಳ ಮಕ್ಕಳಿಗೆ ನಾಲ್ಕು ತಿಂಗಳ ಕಾಲ ಜೋಳದ ಗಂಜಿಯಲ್ಲಿ ಪೋಷಕ ಪುಡಿಯನ್ನು ಬೆರೆಸಿ ಉಣಿಸಿದರು. ಕೆಲವರ ಪುಡಿಯಲ್ಲಿ ಕಬ್ಬಿಣವಿತ್ತು, ಕೆಲವರದರಲ್ಲಿ ಇರಲಿಲ್ಲ. ಕಬ್ಬಿಣವನ್ನು ಪಡೆದ ಮಕ್ಕಳ ಕರುಳಿನಲ್ಲಿ ರೋಗಕಾರಕ ಬ್ಯಾಕ್ಟೀರಿಯಗಳೂ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ನೂ ಹೆಚ್ಚಿದುದು ಕಂಡುಬಂತು. ಈ ಮಕ್ಕಳಿಗೆ ಕ್ರೋನ್ ರೋಗವಿರಲಿಲ್ಲ, ಅದು ಬರಲೂ ಇಲ್ಲ ಎಂಬುದನ್ನು ನೆನಪಿಡಬೇಕು. ಸೋಂಕು ಹೆಚ್ಚಾಗಿರುವ ಪರಿಸರದಲ್ಲಿ ಎಳೆಯ ಕರುಳು ಹೇಗೆ ವರ್ತಿಸುವುದೆಂಬುದನ್ನು ಮಾತ್ರ ಇದು ತಿಳಿಸುತ್ತದೆ.

ಕರುಳಿನ ಉರಿಯೂತವಿರುವ ರೋಗಿಗಳಲ್ಲಿ ಮಾತ್ರೆಯ ಕಬ್ಬಿಣವನ್ನೂ ರಕ್ತನಾಳದ ಮೂಲಕ ಕೊಟ್ಟ ಕಬ್ಬಿಣವನ್ನೂ ಹೋಲಿಸಿದ ಅಧ್ಯಯನವು 2017ರಲ್ಲಿ ಹೊರಬಂತು. ಎರಡು ಗುಂಪುಗಳ ಬ್ಯಾಕ್ಟೀರಿಯಗಳಲ್ಲಿ ವ್ಯತ್ಯಾಸವು ಸ್ಪಷ್ಟವಾಗಿತ್ತು. ಆದರೆ ಮಾತ್ರೆಯನ್ನು ಸೇವಿಸಿದವರ ರೋಗವು ಅದರಿಂದ ಉಲ್ಬಣಿಸಿತೆಂದು ಕಾಣಲಿಲ್ಲ. ಈಗಿನ ವೈದ್ಯಪದ್ಧತಿಯು ಈ ಎಲ್ಲ ಸಂಗತಿಗಳನ್ನೂ ತೂಗಿನೋಡಿ ಒಂದು ಮಧ್ಯಮಾರ್ಗವನ್ನು ಹಿಡಿದಿದೆ. ರೋಗವು ಶಾಂತವಾಗಿದ್ದು ರಕ್ತಹೀನತೆಯು ಅಲ್ಪವಾಗಿದ್ದರೆ ಮಾತ್ರೆ. ರೋಗವು ಉಗ್ರವಾಗಿದ್ದರೆ ಅಥವಾ ಹಿಮೊಗ್ಲೋಬಿನ್ 10 ಗ್ರಾಂಗಿಂತ ಕೆಳಗಿಳಿದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ. ಎರಡನೆಯ ಮಾರ್ಗದಲ್ಲಿ ಲೋಹವು ಕರುಳಿನ ಬಾಗಿಲನ್ನು ತಟ್ಟುವ ಪ್ರಮೇಯವೇ ಇಲ್ಲ.

ಸತುವಿನ ಕೊರತೆ

ಕಬ್ಬಿಣದ ವಿಷಯದಲ್ಲಿ ಹೆಚ್ಚಳದ ಭಯವಾದರೆ, ಸತುವಿನ ವಿಷಯದಲ್ಲಿ ಕೊರತೆಯದೇ ಭಯ. ಸತುವಿಲ್ಲದೆ ಮನುಷ್ಯನು ಕುಗ್ಗುವನೆಂಬುದು ಹಳೆಯ ತಿಳಿವಳಿಕೆಯಲ್ಲ. ಬಿಹಾರದಲ್ಲಿ ಹುಟ್ಟಿದ ಆನಂದ ಪ್ರಸಾದ್ ಎಂಬ ವೈದ್ಯರು ಇರಾನಿನ ಶಿರಾಜ್ ನಗರದಲ್ಲಿ, ಬೆಳವಣಿಗೆ ನಿಂತು ಬಾಲಕರಂತೆಯೇ ಉಳಿದಿದ್ದ ತರುಣರನ್ನು ಪರೀಕ್ಷಿಸಿ, 1961ರಲ್ಲಿ ಅವರ ವಿಷಯವನ್ನು ಪ್ರಕಟಿಸಿದರು. ಇದಕ್ಕೆ ಸತುವಿನ ಅಭಾವವೇ ಕಾರಣವೆಂದು ಅವರು ಮುಂದೆ ತೋರಿಸಿಕೊಟ್ಟರು. ಆ ತರುಣರ ಮುಖ್ಯಾಹಾರವು ಫೈಟೇಟು ತುಂಬಿದ ರೊಟ್ಟಿ; ಅದು ಸತುವನ್ನು ಹಿಡಿದಿಟ್ಟುಕೊಂಡಿತ್ತು.

ಭೇದಿಯಲ್ಲಿ ಸತುವು ದೇಹದಿಂದ ಸೋರಿಹೋಗುತ್ತದೆ. ಸತುವು ಕಡಿಮೆಯಾದಂತೆ ಕರುಳಿನ ಕೋಶಗಳ ನಡುವಣ ಬೆಸುಗೆಗಳು ಸಡಿಲವಾಗುತ್ತವೆ. ಸಡಿಲವಾದ ಗೋಡೆಯ ಮೂಲಕ ಬ್ಯಾಕ್ಟೀರಿಯಗಳ ದ್ರವ್ಯಗಳು ಒಳನುಗ್ಗಿ ಉರಿಯೂತವನ್ನು ಹೆಚ್ಚಿಸುತ್ತವೆ. ಹೀಗೆ ಇದೊಂದು ವಿಷಚಕ್ರ. ಮಕ್ಕಳ ಭೇದಿಯಲ್ಲಿ ಸತುವನ್ನು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ 2004ರಲ್ಲಿ ಸಲಹೆಮಾಡಿದುವು. ಅಮೆರಿಕದಲ್ಲಿ ಸುಮಾರು 1,70,000 ದಾದಿಯರ ಊಟವನ್ನು ಅನೇಕ ವರ್ಷ ಅನುಸರಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಸತುವನ್ನು ಹೆಚ್ಚಾಗಿ ಸೇವಿಸುತ್ತಿದ್ದವರಲ್ಲಿ ಕ್ರೋನ್ ರೋಗವು ಕಡಿಮೆಯಾಗಿತ್ತು. ವ್ರಣಯುಕ್ತ ಕೊಲೈಟಿಸ್‌ನಲ್ಲಿ ಮಾತ್ರ ಅಂತಹ ಸಂಬಂಧವು ಕಾಣಲಿಲ್ಲ. ಹಾಗೆಂದು ಸತುವನ್ನು ಮನಬಂದಂತೆ ನುಂಗುವುದೂ ಸರಿಯಲ್ಲ. ಅತಿಯಾದ ಸತುವು ತಾಮ್ರವನ್ನು ದೇಹಕ್ಕೆ ಸೇರಗೊಡದು.

ಕರೆಯದೆ ಬರುವ ಲೋಹಗಳು

ದೇಹಕ್ಕೆ ಬೇಡವಾದ ಲೋಹಗಳೂ ಆಹಾರದೊಡನೆ ಬರುತ್ತವೆ. ಜಪಾನಿನ ಟೊಯಾಮ ಪ್ರಾಂತದಲ್ಲಿ ಗಣಿಯ ಕ್ಯಾಡ್ಮಿಯಂ ಜಿಂಜು ನದಿಗೆ ಸೇರಿ, ನದಿಯಿಂದ ಗದ್ದೆಗೆ ಹರಿದು, ಅಕ್ಕಿಯೊಳಗೆ ಹೊಕ್ಕಿತು. ಅದನ್ನುಂಡ ಜನರ, ಅದರಲ್ಲಿಯೂ ಹೆಂಗಸರ, ಮೂತ್ರಪಿಂಡಗಳೂ ಎಲುಬುಗಳೂ ಕೆಟ್ಟುವು. ರೋಗಿಗಳ ನರಳಾಟದಿಂದಲೇ ಆ ರೋಗಕ್ಕೆ 'ಇತಾಯ್ ಇತಾಯ್', ಅಂದರೆ 'ನೋವು ನೋವು', ಎಂಬ ಹೆಸರು ಬಂತು. 1968ರಲ್ಲಿ ಜಪಾನ್ ಸರ್ಕಾರವು ಕ್ಯಾಡ್ಮಿಯಮ್ಮೇ ಇದಕ್ಕೆ ಕಾರಣವೆಂದು ಒಪ್ಪಿತು.

ಕರುಳಿನಲ್ಲಿ ಕಬ್ಬಿಣವನ್ನು ಒಳಕ್ಕೆ ಸಾಗಿಸುವ ವಾಹಕ ಪ್ರೋಟೀನೇ ಕ್ಯಾಡ್ಮಿಯಮ್ಮನ್ನೂ ಸೀಸವನ್ನೂ ಸಾಗಿಸಬಲ್ಲದು. ಕಬ್ಬಿಣವು ಸಾಲದಾದಾಗ ದೇಹವು ಈ ವಾಹಕಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಆಗ ಅದೇ ಬಾಗಿಲಿನಿಂದ ವಿಷವೂ ಹೆಚ್ಚಾಗಿ ನುಸುಳುತ್ತದೆ. ನಮ್ಮ ದೇಶದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ಕಬ್ಬಿಣದ ಭಯದಿಂದ ಕಬ್ಬಿಣವನ್ನೇ ತ್ಯಜಿಸುವುದು ಎಂತಹ ಅಪಾಯವೆಂಬುದನ್ನು ಇದರಿಂದ ತಿಳಿಯಬಹುದು.

ಅಲ್ಯೂಮಿನಿಯಮ್ಮಿನ ವಿಷಯದಲ್ಲಿಯೂ ಸಂಶಯವುಂಟು. ಫ್ರಾನ್ಸಿನ ಲೀಲ್ ನಗರದ ಸಂಶೋಧಕರು 2014ರಲ್ಲಿ, ಬಾಯಿಯ ಮೂಲಕ ಕೊಟ್ಟ ಅಲ್ಯೂಮಿನಿಯಂ ಇಲಿಗಳ ಕೊಲೈಟಿಸನ್ನು ಹೆಚ್ಚಿಸಿ, ಗಾಯವು ಮಾಯುವುದನ್ನು ತಡಮಾಡಿತೆಂದು ವರದಿಮಾಡಿದರು. ಮಿಠಾಯಿ ಮುಂತಾದುವುಗಳಿಗೆ ಬಿಳುಪು ಕೊಡಲು ಬೆರೆಸುತ್ತಿದ್ದ ಟೈಟೇನಿಯಂ ಡೈಆಕ್ಸೈಡಿನ ಕಥೆಯಂತೂ ಹೆಚ್ಚು ಬೋಧಪ್ರದವಾಗಿದೆ. ಇಂತಹ ನುಣುಪಾದ ಕಣಗಳು ಮನುಷ್ಯರ ಕರುಳಿನ ರಕ್ಷಣಾ ಗ್ರಂಥಿಗಳಲ್ಲಿ ಸಂಗ್ರಹವಾಗಿರುವುದನ್ನು ಲಂಡನ್ನಿನ ವಿಜ್ಞಾನಿಗಳು ಕಂಡಿದ್ದರು. 2001ರಲ್ಲಿ 20 ಮಂದಿ ಕ್ರೋನ್ ರೋಗಿಗಳ ಮೇಲೆ ನಡೆದ ಸಣ್ಣ ಪರೀಕ್ಷೆಯಲ್ಲಿ, ಕಣಗಳು ಕಡಿಮೆಯಿರುವ ಆಹಾರದಿಂದ ಗುಣ ಕಂಡುಬಂತು. ಆಸೆ ಚಿಗುರಿತು. ಆದರೆ 2005ರಲ್ಲಿ 83 ರೋಗಿಗಳ ಮೇಲೆ, ಹಲವು ಆಸ್ಪತ್ರೆಗಳಲ್ಲಿ, ಹೆಚ್ಚಿನ ಎಚ್ಚರದಿಂದ ನಡೆದ ಪರೀಕ್ಷೆಯಲ್ಲಿ ಆ ಆಹಾರದಿಂದ ಯಾವ ವಿಶೇಷ ಲಾಭವೂ ಕಾಣಲಿಲ್ಲ. 2017ರಲ್ಲಿ ಜ್ಯೂರಿಕ್ ನಗರದ ಸಂಶೋಧಕರು ಇಲಿಗಳಲ್ಲಿ ಈ ಕಣಗಳು ಉರಿಯೂತವನ್ನು ಹೆಚ್ಚಿಸುವುದೆಂದು ತೋರಿಸಿದರು. 2022ರಲ್ಲಿ ಐರೋಪ್ಯ ಒಕ್ಕೂಟವು ಆಹಾರದಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ಆದರೆ ಆ ನಿಷೇಧಕ್ಕೆ ಕಾರಣ ಕರುಳಿನ ಉರಿಯೂತವಲ್ಲ, ಇದು ಡಿ.ಎನ್.ಎ.ಗೆ ಹಾನಿಮಾಡಲಾರದೆಂದು ಖಚಿತವಾಗಿ ಹೇಳಲಾಗದೆ ಹೋದುದು. ಒಂದು ವಸ್ತುವು ಸಂಶಯಾಸ್ಪದವೆಂಬುದೂ, ಅದನ್ನು ಬಿಟ್ಟರೆ ಇಂತಹ ರೋಗವು ವಾಸಿಯಾಗುವುದೆಂಬುದೂ ಎರಡು ಬೇರೆ ಬೇರೆ ಮಾತುಗಳು.

ಪಾತ್ರೆಯ ಪಾಠ

ನಮ್ಮ ಹಿರಿಯರು ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿಸದೆ ಅವುಗಳಲ್ಲಿ ಹುಳಿ ಸಾರನ್ನು ಕಾಯಿಸುತ್ತಿರಲಿಲ್ಲ. ಹುಳಿಯು ತಾಮ್ರವನ್ನು ಕರಗಿಸುವುದು. ತವರದ ತೆಳು ಲೇಪವು ಅದನ್ನು ತಡೆಯುವುದು. ಈ ಎಚ್ಚರವು ಬರಿಯ ಸಂಪ್ರದಾಯವಲ್ಲವೆಂಬುದಕ್ಕೆ ಭಾರತದಲ್ಲಿಯೇ ಒಂದು ನಿದರ್ಶನವಿದೆ. ಎಳೆಯ ಮಕ್ಕಳ ಯಕೃತ್ತು ಗಟ್ಟಿಯಾಗಿ ಅವರು ಸಾಯುತ್ತಿದ್ದ ರೋಗವೊಂದು ನಮ್ಮ ದೇಶದಲ್ಲಿ ಬಹುಕಾಲ ಇತ್ತು. ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲನ್ನು ಹಸುಳೆಗಳಿಗೆ ಕುಡಿಸುವುದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು 1983ರಲ್ಲಿ ಪುಣೆಯ ಅಧ್ಯಯನದಿಂದ ತಿಳಿದುಬಂತು. ಮನೆಗಳಲ್ಲಿ ಪಾತ್ರೆಗಳು ಬದಲಾದುವು, ರೋಗವು ಅಪರೂಪವಾಯಿತು.

ಕರುಳಿನ ಉರಿಯೂತದಲ್ಲಿ ಇಷ್ಟು ನೇರವಾದ ಉತ್ತರವು ಇನ್ನೂ ದೊರೆತಿಲ್ಲ. ಇಲ್ಲಿ ಲೋಹವೊಂದೇ ಅಪರಾಧಿಯಲ್ಲ. ಜೀನು, ಬ್ಯಾಕ್ಟೀರಿಯ, ರಕ್ಷಣಾಪಡೆ, ಆಹಾರ ಇವೆಲ್ಲವೂ ಸೇರಿ ಆಡುವ ಆಟವಿದು. ಆದರೂ ಈಗಾಗಲೇ ತಿಳಿದಿರುವಷ್ಟರಿಂದ ಕೆಲವು ವಿವೇಕದ ಮಾತುಗಳನ್ನು ಆಡಬಹುದು. ಆರೋಗ್ಯವಂತರಾದ ವಿದ್ಯಾರ್ಥಿಗಳು ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಗೆ ಅಂಜಬೇಕಾಗಿಲ್ಲ. ಅದನ್ನು ಬಿಟ್ಟರೆ ಆಗುವ ನಷ್ಟವು ಕಣ್ಣಿಗೆ ಕಾಣುವಂತಹುದು. ಆದರೆ ವಾರಗಟ್ಟಲೆ ಬಿಡದ ಭೇದಿ, ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ ಇವುಗಳಿದ್ದರೆ, ನಾಚಿಕೆಯಿಂದ ಮುಚ್ಚಿಡದೆ ವೈದ್ಯರ ಬಳಿಗೆ ಹೋಗಬೇಕು. ತಾವಾಗಿಯೇ ಅಂಗಡಿಯಿಂದ ಕಬ್ಬಿಣವನ್ನಾಗಲಿ ಸತುವನ್ನಾಗಲಿ ಕೊಂಡು ತಿನ್ನಬಾರದು. ರೋಗವು ಈಗಾಗಲೇ ಇರುವವರು ಕಬ್ಬಿಣವು ಬೇಕೇ ಎಂದು ಕೇಳಿದರೆ ಸಾಲದು, ಅದು ಯಾವ ದಾರಿಯಿಂದ ಬರಬೇಕೆಂಬುದನ್ನೂ ವೈದ್ಯರಲ್ಲಿ ಕೇಳಿ ತಿಳಿಯಬೇಕು. ಒಂದೇ ಲೋಹವು ರಕ್ತದಲ್ಲಿ ಪ್ರಾಣವಾಗಿ, ಹುಣ್ಣಿನ ಮೇಲೆ ಕಿಡಿಯಾಗಿ ವರ್ತಿಸಬಲ್ಲದು. ಅದು ಎಷ್ಟಿದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯ.